ಕೈಗೆ 95 ಸಾವಿರ, ಉಳಿತಾಯ 14 ಲಕ್ಷ: ಬೆಂಗಳೂರಲ್ಲಿ ಬಾಡಿಗೆಯೋ, ಲೀಸೋ, ಸಾಲದ ಫ್ಲಾಟೋ?

ದಾವಣಗೆರೆ_ದಾರಿ

ಏಪ್ರಿಲ್ ಕೊನೆಗೆ ದಾವಣಗೆರೆಯಿಂದ ಬೆಂಗಳೂರಿಗೆ ಮನೆ ಬದಲಾಯಿಸುವುದಿದೆ. ಇಬ್ಬರು ದೊಡ್ಡವರು, ಒಂದನೇ ತರಗತಿಗೆ ಸೇರುವ ಒಂದು ಮಗು. ಆಫೀಸು ವೈಟ್‌ಫೀಲ್ಡ್‌ನ ಐಟಿಪಿಎಲ್, ವಾರದ ಐದೂ ದಿನ ಹೋಗಬೇಕು. ಕೈಗೆ ಬರುವ ಸಂಬಳ 95,000. ಎಫ್‌ಡಿಯಲ್ಲಿ 14 ಲಕ್ಷ ಇದೆ, ಬೇರೆ ಸಾಲ ಇಲ್ಲ.

ಈಗ ಎದುರಿಗಿರುವುದು ನಾಲ್ಕು ದಾರಿ.

1. ಹೂಡಿ ಮೆಟ್ರೊ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ 2 ಬಿಎಚ್‌ಕೆ. ಬಾಡಿಗೆ 34,000, ಮೇಂಟೆನೆನ್ಸ್ 4,000, ಅಡ್ವಾನ್ಸ್ 2 ಲಕ್ಷ.

2. ರಾಮಮೂರ್ತಿನಗರದಲ್ಲಿ ಬಿಡಿ ಕಟ್ಟಡದ ಎರಡನೇ ಮಹಡಿ, ಅದೂ 2 ಬಿಎಚ್‌ಕೆ. ಬಾಡಿಗೆ 21,000, ಅಡ್ವಾನ್ಸ್ ಒಂದೂವರೆ ಲಕ್ಷ. ನೀರು, ಕರೆಂಟು ಬೇರೆ.

3. ಬಟ್ಟರಹಳ್ಳಿ ಕಡೆ ಲೀಸ್ ಮನೆ. 13 ಲಕ್ಷ ಕೊಟ್ಟರೆ 2 ವರ್ಷ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ದುಡ್ಡು ವಾಪಸ್ ಎನ್ನುತ್ತಾರೆ. ಅದೇ ಬೀದಿಯಲ್ಲಿ ಅಂಥ ಮನೆಗೆ 18,000 ಬಾಡಿಗೆ ಇದೆ.

4. ಅದೇ ಸುತ್ತಿನಲ್ಲಿ 55 ಲಕ್ಷದ ಬಿ ಖಾತಾ (ಪಾಲಿಕೆಯ ಪೂರ್ತಿ ಅನುಮತಿ ಇಲ್ಲದ ಸ್ವತ್ತಿನ ದಾಖಲೆ) ಫ್ಲಾಟ್. "ಬಾಡಿಗೆ ಕಟ್ಟೋ ದುಡ್ಡಲ್ಲೇ ಇಎಂಐ ಕಟ್ಬಹುದು" ಅನ್ನುವುದು ಬ್ರೋಕರ್ ಮಾತು.

ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತದೆ? ಲೀಸ್‌ನಲ್ಲಿ ಏನೇನು ಕಾಗದ ನೋಡಬೇಕು? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿದರೆ ಉಪಕಾರ.

ಲೆಕ್ಕದ_ಪುಸ್ತಕ

ಮೊದಲು ಒಂದನೇ ಮತ್ತು ಎರಡನೇ ಮನೆ ನೋಡೋಣ. 34,000ಕ್ಕೂ 21,000ಕ್ಕೂ ನಡುವೆ 13,000 ವ್ಯತ್ಯಾಸ ಅಂತ ಕಾಣುತ್ತದೆ, ಆದರೆ ಜಾಹೀರಾತಿನ ಬಾಡಿಗೆಯನ್ನು ಹಾಗೇ ಪಕ್ಕಪಕ್ಕ ಇಡಬಾರದು. ಎರಡು ವರ್ಷ ಇರುತ್ತೀರಿ ಅಂತ ಹಿಡಿದು ಎಲ್ಲವನ್ನೂ 24 ತಿಂಗಳಿಗೆ ಹರಡಬೇಕು.

ಹೂಡಿ ಮನೆಗೆ ಬಾಡಿಗೆ ಮತ್ತು ಮೇಂಟೆನೆನ್ಸ್ ಸೇರಿ 38,000. ಅಡ್ವಾನ್ಸ್ ಕೊಟ್ಟ 2 ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ 7% ಬಡ್ಡಿಯಂತೆ ವರ್ಷಕ್ಕೆ 14,000 ಬರುತ್ತಿತ್ತು, ಅಂದರೆ ತಿಂಗಳಿಗೆ 1,167 ನಷ್ಟ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಬಿಡುವಾಗ ಪೇಂಟಿಂಗ್ ಅಂತ ಓನರ್ ಹಿಡಿಯುವುದು ಇನ್ನೊಂದು ತಿಂಗಳ ಬಾಡಿಗೆ; ಎರಡೂ ತಲಾ 34,000. 24ರಿಂದ ಭಾಗಿಸಿದರೆ ತಲಾ 1,417. ಹೂಡಿಯಿಂದ ಐಟಿಪಿಎಲ್ ಪಕ್ಕದ ಪಟ್ಟಂದೂರು ಅಗ್ರಹಾರ ಐದನೇ ಮೆಟ್ರೊ ಸ್ಟೇಷನ್, ಹೋಗಿಬರುವ ಖರ್ಚು ತಿಂಗಳಿಗೆ 1,000–1,300. ಕಡಿಮೆ ಹಿಡಿದರೂ ಒಟ್ಟು 43,000.

ರಾಮಮೂರ್ತಿನಗರದ್ದು: ಬಾಡಿಗೆ 21,000, ಅಡ್ವಾನ್ಸ್ ಬಡ್ಡಿ 875, ಬ್ರೋಕರ್ 875, ಪೇಂಟಿಂಗ್ 875. ನೀರಿಗೆ 1,000 ಇಡಿ. ಟೂ ವೀಲರ್‌ನಲ್ಲಿ ಹೋದರೆ ಒಂದು ಕಡೆಗೆ ಸುಮಾರು 13 ಕಿ.ಮೀ., 22 ದಿನಕ್ಕೆ 570 ಕಿ.ಮೀ. ಚಿಲ್ಲರೆ. ಲೀಟರಿಗೆ 45 ಕೊಡುವ ಗಾಡಿಯಾದರೆ ಪೆಟ್ರೋಲು 1,300. ಟಯರ್, ಆಯಿಲ್, ಸರ್ವೀಸ್ ಸೇರಿಸಿ 1,800. ಒಟ್ಟು 26,400 ಹತ್ತಿರ.

ಹಾಗಾಗಿ ನಿಜವಾದ ವ್ಯತ್ಯಾಸ 13,000 ಅಲ್ಲ, 16,500. ಸಂಬಳದಲ್ಲಿ ಮೊದಲನೆಯದು 45%, ಎರಡನೆಯದು 28%. ಮಗುವಿನ ಸ್ಕೂಲು ಫೀಸು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಒಂದೇ ಸಂಬಳದ ಮನೆಯಲ್ಲಿ 45% ಬರೀ ಸೂರಿಗೆ ಹೋದರೆ ಮೂರನೇ ವಾರಕ್ಕೆ ಕ್ರೆಡಿಟ್ ಕಾರ್ಡ್ ಹೊರಗೆ ಬರುತ್ತದೆ.

ಹೂಡಿ ಮನೆಯ ಪರವಾಗಿ ಇರುವ ಒಂದೇ ದೊಡ್ಡ ವಾದ ಸಮಯ. ಅದಕ್ಕೆ ಬೆಲೆ ಕಟ್ಟುವುದು ನಿಮಗೆ ಬಿಟ್ಟದ್ದು.

ಕೆಆರ್‌ಪುರ_ಸಂತೆ

ಲೆಕ್ಕ ಚೆನ್ನಾಗಿದೆ, ಆದರೆ 13 ಕಿ.ಮೀ. ಅನ್ನೋದು ಕಾಗದದ ಮೇಲೆ ಮಾತ್ರ 13. ರಾಮಮೂರ್ತಿನಗರದಿಂದ ಐಟಿಪಿಎಲ್‌ಗೆ ಹೋಗೋಕೆ ಟಿನ್ ಫ್ಯಾಕ್ಟರಿ, ಕೆ.ಆರ್.ಪುರ ತೂಗುಸೇತುವೆ ದಾಟಲೇಬೇಕು. ಅಲ್ಲಿಂದ ಒಂದೋ ಮಹದೇವಪುರದ ಮೇಲೆ, ಇಲ್ಲ ಹೂಡಿ ಮೇಲೆ. ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆ ಒಳಗೆ ಟಿನ್ ಫ್ಯಾಕ್ಟರಿ ಹತ್ತಿರ ಬಂದ್ರೆ ಅಲ್ಲೇ ನಿಮ್ಮ ಅರ್ಧ ಪ್ರಯಾಣದ ಹೊತ್ತು ಕಳೆಯುತ್ತೆ.

ಬುದ್ಧಿವಂತಿಕೆ ಅಂದ್ರೆ ಗಾಡೀನ ಕೆ.ಆರ್.ಪುರ ಮೆಟ್ರೊ ಸ್ಟೇಷನ್‌ವರೆಗೆ ಮಾತ್ರ ಓಡಿಸಿ, ಅಲ್ಲಿಂದ ಪರ್ಪಲ್ ಲೈನ್ ಹಿಡಿಯೋದು. 2023ರ ಅಕ್ಟೋಬರ್‌ನಲ್ಲಿ ಕೆ.ಆರ್.ಪುರ–ಬೈಯಪ್ಪನಹಳ್ಳಿ ತುಂಡು ಸೇರಿದ ಮೇಲೆ ಚಲ್ಲಘಟ್ಟದಿಂದ ಕಾಡುಗೋಡಿವರೆಗೆ ಒಂದೇ ರೈಲು. 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ 90 ಆಯ್ತು, ಹಾಗಾಗಿ ಮೆಟ್ರೊ ಅಗ್ಗ ಅಂತ ಹೇಳೋಕಾಗಲ್ಲ. ಪಾರ್ಕಿಂಗ್ ದುಡ್ಡೂ ಸೇರಿದ್ರೆ 1,800 ಬದಲು 3,000 ಹತ್ತಿರ ಬರುತ್ತೆ. ಸ್ಮಾರ್ಟ್ ಕಾರ್ಡ್‌ಗೆ 5% ರಿಯಾಯಿತಿ ಇದೆ, ಟೋಕನ್ ತಗೋಬೇಡಿ. ಮನೆಯಾಕೆ ಎಲ್ಲಿಗಾದ್ರೂ ಓಡಾಡೋದಿದ್ರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಿಎಂಟಿಸಿ ಬಸ್ ಉಚಿತ, ಎಸಿ ಇರೋ ವಜ್ರ ಬಸ್ಸಿಗೆ ಇಲ್ಲ.

ಇನ್ನೊಂದು ಮಾತು. ಆ ಕಡೆ ರಿಂಗ್ ರೋಡ್ ಉದ್ದಕ್ಕೂ ಏರ್‌ಪೋರ್ಟ್ ಮೆಟ್ರೊ, ಅಂದ್ರೆ ಬ್ಲೂ ಲೈನ್ ಬರುತ್ತೆ. ರೈಲು ಓಡೋ ಮುಂಚೆನೇ ಬಾಡಿಗೆ ಓಡುತ್ತೆ. ಅಗ್ರಿಮೆಂಟಲ್ಲಿ ವರ್ಷಕ್ಕೆ 5% ಏರಿಕೆ ಅಂತ ಈಗಲೇ ಬರೆಸಿ. "ಮಾರ್ಕೆಟ್ ರೇಟ್ ಪ್ರಕಾರ" ಅನ್ನೋ ಪದ ಇದ್ರೆ ಹೊಡೆದು ಹಾಕಿಸಿ.

ಸಂಪ್_ಮುಚ್ಚಳ

ನೀರಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಿಡಿ ಕಟ್ಟಡದಲ್ಲಿ ಮೋಸ ಹೋಗುವುದು ಇಲ್ಲೇ.

ನಗರದ ನೀರು ಪೂರೈಕೆಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಮಾನದಂಡ. ಮೂವರಿಗೆ 405 ಲೀಟರ್, ತಿಂಗಳಿಗೆ 12,150. ಅಂದರೆ ಪೂರ್ತಿ ಟ್ಯಾಂಕರ್ ನೀರನ್ನೇ ಕುಡಿದು, ಒಗೆದು, ಮಿಂದರೂ ನಿಮ್ಮ ಪಾಲು ತಿಂಗಳಿಗೆ ಒಂದು 12,000 ಲೀಟರ್ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ, 6,000 ಲೀಟರಿಗೆ 600 ಎಂದು ದರ ಕಟ್ಟಿತ್ತು. ಬೇಸಿಗೆಯಲ್ಲಿ ಆ ದರಕ್ಕೆ ಸಿಗುತ್ತದೆಂಬ ಭರವಸೆ ಇಲ್ಲ, ಆದರೆ ಮಾತಿಗೆ ಕೂರಲು ಅಳತೆಗೋಲು ಅದೇ. ಕಾವೇರಿ ನೀರು ವಾರಕ್ಕೆ ಎರಡು ದಿನ ಬಂದರೂ ಖರ್ಚು ಇದರ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಜಲಮಂಡಳಿ 2014ರ ನಂತರ ಮೊದಲ ಸಲ ದರ ಏರಿಸಿದ್ದು 2025ರ ಏಪ್ರಿಲ್‌ನಲ್ಲಿ. ಏರಿದ ಮೇಲೂ ಟ್ಯಾಂಕರ್‌ಗೆ ಹೋಲಿಸಿದರೆ ಅದು ಪುಕ್ಕಟೆ ಅನ್ನಬೇಕು.

ಮನೆ ನೋಡಲು ಹೋದಾಗ "ನೀರಿನ ತೊಂದರೆ ಇಲ್ಲ" ಅನ್ನುವ ಉತ್ತರ ತೆಗೆದುಕೊಳ್ಳಬೇಡಿ. ಜಲಮಂಡಳಿ ಬಿಲ್ಲು ತೋರಿಸಿ ಅನ್ನಿ. ಅದರಲ್ಲಿ ಆರ್‌ಆರ್ ನಂಬರ್ ಇರುತ್ತದೆ, ಕಳೆದ ತಿಂಗಳು ಎಷ್ಟು ಸಾವಿರ ಲೀಟರ್ ಬಂದಿದೆ ಅಂತಲೂ ಇರುತ್ತದೆ. ಆರು ಮನೆಯ ಕಟ್ಟಡಕ್ಕೆ ತಿಂಗಳಿಗೆ 15,000 ಲೀಟರ್ ಬಂದಿದ್ದರೆ ಕಾವೇರಿ ಹೆಸರಿಗೆ ಮಾತ್ರ, ಉಳಿದದ್ದು ಬೋರು ಇಲ್ಲ ಟ್ಯಾಂಕರು. ಆಮೇಲೆ ಸಂಪ್ ಮುಚ್ಚಳ ತೆಗೆಸಿ ನೋಡಿ. ಸಂಪ್ 6,000 ಲೀಟರ್‌ನದ್ದಾಗಿದ್ದರೆ 12,000ದ ಟ್ಯಾಂಕರ್ ಒಂದೇ ಸಲ ಇಳಿಯುವುದಿಲ್ಲ, ಚಿಕ್ಕ ಟ್ಯಾಂಕರ್ ತರಿಸಬೇಕು, ಲೀಟರ್ ಲೆಕ್ಕದಲ್ಲಿ ದುಬಾರಿ. ಅಡುಗೆಮನೆ ನಲ್ಲಿಯ ಬಾಯಿ, ಗೀಸರ್ ಪೈಪಿನ ತುದಿ ಬೆರಳಲ್ಲಿ ಉಜ್ಜಿ ನೋಡಿ. ಬಿಳಿ ಪೊರೆ ಕಟ್ಟಿದ್ದರೆ ಬೋರ್ ನೀರು ಗಡಸು. ಗೀಸರ್ ಕಾಯಿಲ್ ಮತ್ತು ವಾಷಿಂಗ್ ಮೆಷಿನ್ ಬೇಗ ಹೋಗುತ್ತವೆ, ಕುಡಿಯುವ ನೀರಿಗೆ ಕ್ಯಾನ್ ಅಥವಾ ಆರ್‌ಒ ಖರ್ಚು ಸೇರಿಸಿಕೊಳ್ಳಿ.

2024ರ ಮಾರ್ಚ್‌ನ ಆ ಚಿತ್ರ ಸ್ವಲ್ಪ ಬದಲಾಗಿದೆ ಅನ್ನುವುದೂ ನಿಜ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚು ನೀರು ಬರುವ ಏರ್ಪಾಡಾಯಿತು, ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಅಂತಲೇ ಮಾಡಿದ್ದು. ಆದರೆ ಬೀದಿಯಲ್ಲಿ ಪೈಪು ಇದ್ದರೂ ಸಂಪರ್ಕದ ದುಡ್ಡು ಕಟ್ಟದೆ ಬೋರ್‌ನಲ್ಲೇ ನಡೆಸುವ ಓನರ್‌ಗಳು ಬೇಕಾದಷ್ಟಿದ್ದಾರೆ.

ಕರೆಂಟಿಗೆ ಬಂದರೆ "200 ಯೂನಿಟ್ ಫ್ರೀ" ಅಂತ ಬ್ರೋಕರ್ ಹೇಳಿದ್ದನ್ನು ನಂಬಿ ಬಜೆಟ್ ಮಾಡಬೇಡಿ. ಗೃಹಜ್ಯೋತಿಯಲ್ಲಿ ಸಿಗುವುದು 2022–23ರಲ್ಲಿ ಆದ ಬಳಕೆಯ ಸರಾಸರಿಗೆ 10% ಸೇರಿಸಿದಷ್ಟು, 200 ಅದರ ಗರಿಷ್ಠ ಮಿತಿ. ಹಳೆಯ ಲೆಕ್ಕ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, 10% ಕೂಡಿಸಿ 58 ಯೂನಿಟ್ ಎಂದು ನಿಗದಿ ಮಾಡಿದ್ದರು. ನಿಮ್ಮ ಪಾಲು ಮೀರಿದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಹಳೆಯ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಿಸಿದ್ದರೆ ಮೊದಲು ಅದನ್ನು ಬಿಡಿಸಬೇಕು. ದಾವಣಗೆರೆಯಲ್ಲಿ ನಿಮ್ಮ ಹೆಸರಿಗೆ ಇದ್ದರೆ ಅದನ್ನೂ ಸೇವಾಸಿಂಧುವಿನಲ್ಲಿ ಬಿಡಿಸಿ ಬನ್ನಿ. ಎಲ್ಲಕ್ಕಿಂತ ಮುಖ್ಯ, ನಿಮ್ಮ ಮನೆಗೇ ಬೆಸ್ಕಾಂ ಮೀಟರ್ ಇದೆಯೇ, ಇಲ್ಲ ಓನರ್ ಮೀಟರಿನಿಂದ ಸಬ್ ಮೀಟರ್ ಎಳೆದಿದ್ದಾರೆಯೇ ನೋಡಿ. ಸಬ್ ಮೀಟರ್ ಆದರೆ ಯೋಜನೆಯೂ ಇಲ್ಲ, ಯೂನಿಟ್‌ಗೆ ಓನರ್ ಹೇಳಿದ್ದೇ ದರ.

ಕಸದ್ದು ಚಿಲ್ಲರೆ ವಿಷಯ, ಆದರೂ ಹೇಳಿಬಿಡುತ್ತೇನೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಬರುವ ಶುಲ್ಕ 601ರಿಂದ 1,000 ಚದರಡಿ ಮನೆಗೆ ತಿಂಗಳಿಗೆ 50 ರೂಪಾಯಿ. ಯಾರಾದರೂ 300 ಕೇಳಿದರೆ ಅದು ಕಸಕ್ಕಲ್ಲ.

ಋಣಭಾರ

ಲೀಸ್ ಬಗ್ಗೆ ಬರೆಯುತ್ತೇನೆ. 14 ಲಕ್ಷದಲ್ಲಿ 13 ಲಕ್ಷ ಒಬ್ಬರ ಕೈಗೆ ಹೋಗುವ ವಿಚಾರವಾದ್ದರಿಂದ ಸ್ವಲ್ಪ ಉದ್ದವಾದರೂ ಓದಿ.

ಬಾಡಿಗೆದಾರನ ಕಡೆಯಿಂದ ನೋಡಿದರೆ ಲಾಭವೇ. 13 ಲಕ್ಷಕ್ಕೆ 7% ಬಡ್ಡಿ ವರ್ಷಕ್ಕೆ 91,000, ತಿಂಗಳಿಗೆ 7,600 ಹತ್ತಿರ. 18,000ದ ಮನೆ 7,600ಕ್ಕೆ ಸಿಕ್ಕ ಹಾಗೆ. ಈಗ ಓನರ್ ಕಡೆಯಿಂದ ನೋಡಿ. ವರ್ಷಕ್ಕೆ 2,16,000 ಬಾಡಿಗೆ ಬಿಟ್ಟುಕೊಟ್ಟು 13 ಲಕ್ಷ ಪಡೆಯುತ್ತಿದ್ದಾರೆ, ಅಂದರೆ 16.6% ಬಡ್ಡಿಗೆ ನಿಮ್ಮಿಂದ ಸಾಲ. ಸ್ವಂತ ಕಟ್ಟಡ ಇರುವವರಿಗೆ ಬ್ಯಾಂಕು ಇದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಅಡಮಾನ ಸಾಲ ಕೊಡುತ್ತದೆ. ಅದನ್ನು ಬಿಟ್ಟು ನಿಮ್ಮ ಹತ್ತಿರ ಬಂದದ್ದೇಕೆ ಎಂಬ ಪ್ರಶ್ನೆ ಕೇಳಿಕೊಳ್ಳಬೇಕು. ಬ್ಯಾಂಕಿಗೆ ಹೋಗಲು ಕಾಗದ ಸರಿ ಇಲ್ಲದಿರಬಹುದು, ಆಗಲೇ ಬ್ಯಾಂಕಿನಲ್ಲಿ ಅಡ ಇಟ್ಟಿರಬಹುದು, ಇಲ್ಲವೇ ಮೇಲಿನ ಮಹಡಿ ಎಬ್ಬಿಸಲು ತುರ್ತಾಗಿ ದುಡ್ಡು ಬೇಕಾಗಿರಬಹುದು. ಮೂರನೆಯದು ಮಾತ್ರ ಸಹಿಸಬಹುದಾದ ಕಾರಣ.

ಕಾನೂನಿನಲ್ಲಿ ಇದು ಬಾಡಿಗೆ ಅಲ್ಲ. ಆಸ್ತಿ ವರ್ಗಾವಣೆ ಕಾಯ್ದೆ 1882ರ 58ನೇ ಕಲಮಿನ ಪ್ರಕಾರ ಸ್ವಾಧೀನ ಸಹಿತ ಅಡಮಾನಕ್ಕೆ ಹತ್ತಿರ, ನಮ್ಮ ಕಡೆ ಭೋಗ್ಯ ಅನ್ನುತ್ತಿದ್ದದ್ದು. ಅಡಮಾನ ಪತ್ರ ನೋಂದಣಿ ಆಗಲೇಬೇಕು. ಆದರೆ ಬೆಂಗಳೂರಿನಲ್ಲಿ ನಡೆಯುವುದು ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ, ಇಬ್ಬರು ಸಾಕ್ಷಿ ಹಾಕಿಸಿ, ನೋಟರಿ ಮುದ್ರೆ ಒತ್ತಿಸುವುದು. ನೋಟರಿ ಮುದ್ರೆ ನೋಂದಣಿ ಅಲ್ಲ. ನಾಳೆ ಓನರ್ ಮನೆ ಮಾರಿದರೆ, ಕೊಳ್ಳುವವರು ತೆಗೆಸುವ ಇಸಿಯಲ್ಲಿ (ಸ್ವತ್ತಿನ ಋಣಭಾರ ಪತ್ರದಲ್ಲಿ) ನಿಮ್ಮ 13 ಲಕ್ಷದ ಸುಳಿವೇ ಇರುವುದಿಲ್ಲ.

ಏನು ನೋಡಬೇಕು: ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಆ ಸ್ವತ್ತಿನ ಇಸಿ ತೆಗೆಯಿರಿ, ಕನಿಷ್ಠ 15 ವರ್ಷದ್ದು. ಬ್ಯಾಂಕಿಗೆ ಹಕ್ಕುಪತ್ರ ಒತ್ತೆ ಇಟ್ಟು ಆ ಪತ್ರ ನೋಂದಾಯಿಸಿದ್ದರೆ ಅದರಲ್ಲಿ ಕಾಣುತ್ತದೆ. ನೋಂದಾಯಿಸದೆ ಬರೀ ಮೂಲ ಪತ್ರ ಕೊಟ್ಟು ಸಾಲ ತಂದಿದ್ದರೆ ಇಸಿಯಲ್ಲಿ ಕಾಣುವುದಿಲ್ಲ. ಅದಕ್ಕೆ ಬ್ಯಾಂಕ್ ಅಡಮಾನಗಳನ್ನು ದಾಖಲಿಸುವ ಸರ್‌ಸಾಯಿ ತಾಣದಲ್ಲಿ ಸ್ವತ್ತಿನ ವಿವರ ಹಾಕಿ ಹುಡುಕಬೇಕು, ಸಣ್ಣ ಶುಲ್ಕ ಇದೆ. ಮೂರನೆಯದಾಗಿ ಕ್ರಯಪತ್ರದ ಅಸಲು ಕಣ್ಣಾರೆ ನೋಡಬೇಕು. "ಅಸಲು ಲಾಕರ್‌ನಲ್ಲಿದೆ, ಜೆರಾಕ್ಸ್ ನೋಡಿ" ಎಂದರೆ ಆ ಲಾಕರು ಸಾಲ ಕೊಟ್ಟ ಬ್ಯಾಂಕಿನದೇ ಎಂದು ತಿಳಿಯಿರಿ.

ಬ್ಯಾಂಕಿನ ಅಡಮಾನ ಮೊದಲಿನದಾಗಿದ್ದು, ಅವರ ಒಪ್ಪಿಗೆ ಇಲ್ಲದೆ ಆಮೇಲೆ ನೀವು ಒಳಗೆ ಬಂದಿದ್ದರೆ, ಕಂತು ನಿಂತ ದಿನ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ಪಡೆಯುವಾಗ ನಿಮ್ಮ ಕಾಗದಕ್ಕೆ ಬಲ ಇರುವುದಿಲ್ಲ. ಬಾಗಿಲಿಗೆ ನೋಟಿಸ್ ಅಂಟಿದ ಮೇಲೆ ಉಳಿಯುವುದು ಓನರ್ ಮೇಲೆ ದುಡ್ಡಿನ ದಾವೆ ಹೂಡುವುದೊಂದೇ.

ಪಿತ್ರಾರ್ಜಿತವಾದರೆ ಪಾಲು ಇರುವ ಎಲ್ಲರ ಸಹಿ ಬೇಕು, ಅಕ್ಕತಂಗಿಯರದ್ದೂ ಸೇರಿ. ಹಣ ಖಾತೆಯಿಂದ ಖಾತೆಗೆ, ಕ್ರಯಪತ್ರದಲ್ಲಿರುವ ಹೆಸರಿಗೇ ಹೋಗಬೇಕು. "3 ಲಕ್ಷ ನಗದು ಕೊಡಿ" ಎಂದರೆ ಆ 3 ಲಕ್ಷಕ್ಕೆ ಯಾವ ದಾಖಲೆಯೂ ಉಳಿಯದು.

ಇನ್ನು ಮಧ್ಯವರ್ತಿ ಕಂಪನಿಗಳ ಲೀಸ್. ಓನರ್‌ನಿಂದ ಕಂಪನಿ ತಿಂಗಳ ಬಾಡಿಗೆಗೆ ಮನೆ ಪಡೆಯುತ್ತದೆ, ನಿಮ್ಮಿಂದ ಲಕ್ಷಗಟ್ಟಲೆ ಒಟ್ಟಿಗೆ ತೆಗೆದುಕೊಂಡು ಲೀಸ್ ಕೊಡುತ್ತದೆ. ಕೆಲವು ತಿಂಗಳು ಓನರ್‌ಗೆ ಬಾಡಿಗೆ ಸರಿಯಾಗಿ ಹೋಗುತ್ತದೆ, ಆಮೇಲೆ ನಿಲ್ಲುತ್ತದೆ. ಓನರ್ ಬಂದು ಮನೆ ಖಾಲಿ ಮಾಡಿ ಅನ್ನುತ್ತಾರೆ, ಅವರ ಕೈಯಲ್ಲಿರುವುದು ಬಾಡಿಗೆ ಕರಾರು, ನಿಮ್ಮ ಕೈಯಲ್ಲಿರುವುದು ಕಂಪನಿಯ ಕಾಗದ. ಓನರ್‌ಗೂ ನಿಮಗೂ ಸಂಬಂಧವೇ ಇಲ್ಲ. ಇದಕ್ಕೆ ಯಾವ ತಪಾಸಣೆಯೂ ಬೇಡ, ಹತ್ತಿರ ಹೋಗಬೇಡಿ.

ನೋಂದಣಿ ಮಾಡಿಸೋಣ ಎಂದು ಕೇಳಿ ನೋಡಿ. ಒಪ್ಪಿದರೆ ಮುದ್ರಾಂಕದ ಖರ್ಚು ಯಾರದ್ದು ಎಂದು ಮಾತಾಡಿ. ಒಪ್ಪದಿದ್ದರೆ ಅಲ್ಲಿಗೆ ಬಿಡಿ.

ಕೆಆರ್‌ಪುರ_ಸಂತೆ

@ಋಣಭಾರ ಕಾನೂನು ಸರಿ ಸಾರ್. ಆದ್ರೆ ನೋಂದಣಿ ಮಾಡ್ಕೊಡೋ ಓನರ್ ಈ ಭಾಗದಲ್ಲಿ ಹುಡುಕಿದ್ರೂ ಸಿಗೋದು ಕಷ್ಟ, ಹಾಗಂತ ಎಲ್ಲ ಲೀಸೂ ಮೋಸ ಅಲ್ಲ. ಸಾಮಾನ್ಯವಾಗಿ ಗಂಟು ಬೀಳೋದು ಬಿಡೋ ಟೈಮಲ್ಲಿ. ನಿಮ್ಮ 13 ಲಕ್ಷ ಕಟ್ಟಡಕ್ಕೆ ಹೋಗಿರುತ್ತೆ, ಮುಂದಿನ ಲೀಸ್‌ನವರು ಕೊಟ್ಟಾಗ ಮಾತ್ರ ನಿಮಗೆ ವಾಪಸ್. ಅವರು ಬರೋತನಕ "ಇನ್ನೊಂದು ತಿಂಗಳು ಇರಿ" ಅಂತಾರೆ. ಈ ಒಳಗೆ ನೀವು ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟಿರ್ತೀರಿ. ಖಾತೆಗೆ ದುಡ್ಡು ಬೀಳೋ ಮುಂಚೆ ಬೀಗದ ಕೈ ಕೊಡಬೇಡಿ, ಅದೊಂದೇ ನಿಮ್ಮ ಕೈಯಲ್ಲಿರೋ ಹಿಡಿತ.

ಋಣಭಾರ

ಕೀಲಿಯ ಮಾತು ಒಪ್ಪಿದೆ. ಎಲ್ಲವೂ ಮೋಸ ಎಂದು ನಾನೂ ಹೇಳಿಲ್ಲ. ಇರುವ ಉಳಿತಾಯದ ಹದಿನಾಲ್ಕರಲ್ಲಿ ಹದಿಮೂರು ಪಾಲು ಒಂದೇ ಕಡೆ ಇಡುವವರಿಗೆ ಹೇಳಿದ್ದು. ಐವತ್ತು ಲಕ್ಷ ಇದ್ದು 13 ಹಾಕುವವರಾದರೆ ಮಾತು ಬೇರೆ.

ಸಾಲದ_ಲೆಕ್ಕ

ನಾಲ್ಕನೆಯದಕ್ಕೆ ಹೆಚ್ಚು ಹೊತ್ತು ಬೇಡ, 14 ಲಕ್ಷದಲ್ಲಿ ಅದು ಆಗುವುದಿಲ್ಲ.

30ರಿಂದ 75 ಲಕ್ಷದವರೆಗಿನ ಮನೆ ಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಸ್ವತ್ತಿನ ಬೆಲೆಯ 80%. ಮುದ್ರಾಂಕ ಮತ್ತು ನೋಂದಣಿ ಖರ್ಚು ಆ ಬೆಲೆಯಲ್ಲಿ ಸೇರುವುದಿಲ್ಲ. 55 ಲಕ್ಷಕ್ಕೆ ಕೈಯಿಂದ 11 ಲಕ್ಷ. ಮುದ್ರಾಂಕ 5%, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ 4,18,000. ಸೇರಿಸಿದರೆ 15.18 ಲಕ್ಷ. ವಕೀಲರ ಶುಲ್ಕ, ಸಾಲದ ಪ್ರೋಸೆಸಿಂಗ್, ಕಬೋರ್ಡು, ಫ್ಯಾನು ಇನ್ನೂ ಹೊರಗಿವೆ. ಕಟ್ಟುತ್ತಿರುವ ಫ್ಲಾಟಾಗಿದ್ದರೆ 5% ಜಿಎಸ್‌ಟಿ ಕೂಡ, ಅದು 2,75,000.

44 ಲಕ್ಷ ಸಾಲಕ್ಕೆ 8.5% ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ 868ರಂತೆ 38,200 ಕಂತು. ಬ್ರೋಕರ್ ಹೇಳಿದ "ಬಾಡಿಗೆ ದುಡ್ಡು" 18,000. ನಡುವಿನ 20,000 ಯಾರು ಕಟ್ಟುತ್ತಾರೆ?

ಇಷ್ಟೂ ಎ ಖಾತಾ ಅಂತ ಹಿಡಿದ ಲೆಕ್ಕ. ಬಿ ಖಾತಾಕ್ಕೆ ಹೆಚ್ಚಿನ ಸರ್ಕಾರಿ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಕೊಡುವ ಹಣಕಾಸು ಸಂಸ್ಥೆಗಳು ಬಡ್ಡಿ ಹೆಚ್ಚು ಹಾಕಿ, ಬೆಲೆ ಕಡಿಮೆ ಕಟ್ಟುತ್ತವೆ. ಆಗ ಕೈಯಿಂದ ಹಾಕಬೇಕಾದದ್ದು 11 ಲಕ್ಷದಲ್ಲಿ ನಿಲ್ಲುವುದಿಲ್ಲ. ಮುಂದೆ ಮಾರುವಾಗ ಕೊಳ್ಳುವವರಿಗೂ ಇದೇ ತೊಡಕು, ಹಾಗಾಗಿ ಬೆಲೆ ಏರುವುದೂ ನಿಧಾನ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿಯೇ ಇಲ್ಲ, ಆದರೆ ಇ-ಖಾತಾ ಬಂದ ಮಾತ್ರಕ್ಕೆ ಬಿ ಎ ಆಗುವುದಿಲ್ಲ. "ಇ-ಖಾತಾ ಆಗಿದೆ ಸಾರ್" ಅಂದಾಗ ಅದು ಎಯೋ ಬಿಯೋ ಅಂತ ಮರುಪ್ರಶ್ನೆ ಹಾಕಿ. ಫ್ಲಾಟಿಗಾದರೆ ಓಸಿ (ಕಟ್ಟಡ ವಾಸಕ್ಕೆ ಸರಿ ಎಂಬ ಪಾಲಿಕೆ ಪತ್ರ) ಇದೆಯೇ ಅಂತ ಇನ್ನೊಂದು ಪ್ರಶ್ನೆ.

ದಾವಣಗೆರೆ_ದಾರಿ

ಎಲ್ಲರಿಗೂ ಧನ್ಯವಾದ. ಮೂರು ಮತ್ತು ನಾಲ್ಕು ಬಿಟ್ಟೆವು. ಎರಡನೇ ಮನೆಯ ಓನರ್ ಅಗ್ರಿಮೆಂಟ್ ಕರಡು ಕಳಿಸಿದ್ದಾರೆ. ಅದರಲ್ಲಿ ಹೀಗಿದೆ: ಅವಧಿ 11 ತಿಂಗಳು, ಬಿಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಕಡಿತ, "ಇತರೆ ಹಾನಿಗಳಿಗೆ ಓನರ್ ನಿರ್ಧರಿಸಿದ ಮೊತ್ತ" ಕಡಿತ, ಓನರ್ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು. ಎಲ್ಲೋ ಎರಡೇ ತಿಂಗಳ ಅಡ್ವಾನ್ಸ್ ಅಂತ ಕಾನೂನು ಬಂದಿದೆ ಅಂದರು, ನಿಜವಾ? ಸ್ಕೂಲಿಗೂ ಈಗ ಹುಡುಕಬೇಕು.

ಋಣಭಾರ

ಎರಡು ತಿಂಗಳ ಮಿತಿ ಇರುವುದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಅದು ಮಾದರಿ ಅಷ್ಟೇ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಬಾಳುತ್ತದೆ. ಅದನ್ನು ಹಿಡಿದು ಬೆಂಗಳೂರಿನಲ್ಲಿ ವಾದ ಮಾಡಲು ಬರುವುದಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆ, ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500ಕ್ಕಿಂತ ಹೆಚ್ಚು ಬಾಡಿಗೆ ಇರುವ ಮನೆಗೆ ಅದು ಅನ್ವಯಿಸುವುದೇ ಇಲ್ಲ. ಇಂದು 3,500ಕ್ಕೆ ಏನು ಸಿಗುತ್ತದೆ? ಹೀಗಾಗಿ ನಿಮ್ಮ ರಕ್ಷಣೆ ಏನಿದ್ದರೂ ಅಗ್ರಿಮೆಂಟಿನ ಸಾಲುಗಳಲ್ಲೇ ಇರಬೇಕು.

11 ತಿಂಗಳು ಎಂದು ಬರೆಯುವುದು ವರ್ಷ ಮೀರಿದರೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೆ. ಅದು ತಪ್ಪಲ್ಲ. ಆದರೆ ಮುಂದಿನ 11 ತಿಂಗಳಿಗೆ 5% ಏರಿಕೆಯೊಂದಿಗೆ ನವೀಕರಿಸುವ ಆಯ್ಕೆ ಬಾಡಿಗೆದಾರರಿಗೆ ಇದೆ ಎಂಬ ಸಾಲು ಸೇರಿಸಿ. ಮಗು ಸ್ಕೂಲು ನಡುವೆ ಇರುವಾಗ ಏಪ್ರಿಲ್ ಬಿಟ್ಟು ಮಾರ್ಚ್‌ನಲ್ಲಿ ಅವಧಿ ಮುಗಿದರೆ ತೊಂದರೆ, ತಾರೀಖು ನೋಡಿಕೊಳ್ಳಿ.

ನೋಟಿಸ್ ಬಗ್ಗೆ ಏನೂ ಬರೆಯದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಗೆ 15 ದಿನ ಸಾಕಾಗುತ್ತದೆ. ಒಂದು ತಿಂಗಳು ಅದಕ್ಕಿಂತ ಮೇಲು, ಎರಡು ತಿಂಗಳು ಎರಡೂ ಕಡೆಗೆ ಸಮವಾಗಿ ಇರಲಿ ಎಂದು ಕೇಳಿ.

ಪೇಂಟಿಂಗ್‌ಗೆ ಒಂದು ತಿಂಗಳು ಊರ ರೂಢಿ, ಬಿಡುವುದಿಲ್ಲ. ಅದರ ಬದಲು ಒಳಗೆ ಹೋಗುವಾಗ ಹೊಸ ಬಣ್ಣ ಹೊಡೆದಿರಬೇಕು ಎಂದು ಬರೆಸಿ. ಹಳೇ ಗೋಡೆ ಕೊಟ್ಟು ಹೊಸ ಬಣ್ಣದ ದುಡ್ಡು ಹಿಡಿಯುವುದೇ ಹೆಚ್ಚು. "ಓನರ್ ನಿರ್ಧರಿಸಿದ ಮೊತ್ತ" ಎಂಬುದನ್ನು ತೆಗೆಸಲೇಬೇಕು. ಅದರ ಜಾಗದಲ್ಲಿ "ಸಹಜ ಸವೆತ ಹೊರತುಪಡಿಸಿ, ರಿಪೇರಿಯ ಬಿಲ್ಲು ತೋರಿಸಿ" ಎಂದಿರಲಿ. ಅಡ್ವಾನ್ಸ್ ಉಳಿಕೆ ಕೀಲಿ ಒಪ್ಪಿಸುವ ದಿನವೇ ಖಾತೆಗೆ ಜಮಾ ಎಂದೂ ಇರಲಿ. ಇಲ್ಲದಿದ್ದರೆ "ಹೊಸಬರು ಬಂದ ಮೇಲೆ ಕೊಡ್ತೀನಿ" ಶುರುವಾಗುತ್ತದೆ.

ಸಾಮಾನು ಇಳಿಸುವ ಮುಂಚೆ ಖಾಲಿ ಮನೆಯ ವಿಡಿಯೊ ಮಾಡಿ. ಬಾತ್‌ರೂಮ್ ಬಾಗಿಲಿನ ಕೆಳತುದಿ, ಸಿಂಕ್ ಕೆಳಗಿನ ಕಬೋರ್ಡು, ಕಿಟಕಿ ಗಾಜು, ಎರಡು ಮೀಟರಿನ ಓದು. ಆ ದಿನವೇ ಓನರ್‌ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಬಾತ್‌ರೂಮ್ ಬಾಗಿಲು ನೀರು ಕುಡಿದು ಉಬ್ಬುವುದು ಎಲ್ಲ ಮನೆಯಲ್ಲೂ ಇದ್ದದ್ದೇ, ಬಿಡುವಾಗ ಹೊಸ ಬಾಗಿಲಿನ ದುಡ್ಡು ಕೇಳುವುದೂ ಅದಕ್ಕೇ.

ಲೆಕ್ಕದ_ಪುಸ್ತಕ

ಸ್ಕೂಲಿನದ್ದು ಬೇಗ ನೋಡಿ, ಖಾಸಗಿ ಶಾಲೆಗಳಲ್ಲಿ ಹಿಂದಿನ ವರ್ಷದ ಕೊನೆಗೇ ಸೀಟು ತುಂಬುತ್ತಾ ಬರುತ್ತದೆ. ಮನೆ ಅಂತಿಮ ಮಾಡುವ ಮೊದಲು ಎರಡು ಕಿ.ಮೀ. ಒಳಗಿನ ಶಾಲೆಯಲ್ಲಿ ಜಾಗ ಇದೆಯೇ ಕೇಳಿ. ವ್ಯಾನಿನ ದುಡ್ಡು ರಜೆ ತಿಂಗಳಿಗೂ ಕಟ್ಟಬೇಕೇ ಅಂತ ಅದೇ ಫೋನಿನಲ್ಲಿ ಕೇಳಿಬಿಡಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟು ನೆಚ್ಚಬೇಡಿ. 2019ರ ಮೇಲೆ ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಅದು ಸಿಗುವುದಿಲ್ಲ, ನಗರದಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಅಂಥ ಶಾಲೆ ಇದೆ.

ತೆರಿಗೆಯಲ್ಲಿ ಹಳೆಯ ಪದ್ಧತಿ ಆರಿಸಿಕೊಂಡಿದ್ದರೆ ಮಾತ್ರ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ. ಬಾಡಿಗೆ ವರ್ಷಕ್ಕೆ 1 ಲಕ್ಷ ಮೀರುವುದರಿಂದ ಓನರ್ ಪ್ಯಾನ್ ಬೇಕು. "ಪ್ಯಾನ್ ಕೊಡಲ್ಲ, ಬಾಡಿಗೆ ನಗದು ಕೊಡಿ" ಅನ್ನುವವರಿದ್ದಾರೆ, ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆಯೇ ಕೇಳಿ. ಓನರ್ ವಿದೇಶದಲ್ಲಿದ್ದರೆ ಲೆಕ್ಕ ಬೇರೆ: ಬಾಡಿಗೆ ಎಷ್ಟೇ ಇದ್ದರೂ ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟುವ ಹೊಣೆ ಬಾಡಿಗೆದಾರರದ್ದು, ಹಿಡಿಯದಿದ್ದರೆ ನೋಟಿಸ್ ಬರುವುದು ನಿಮಗೆ.

ಮತ್ತೆ 14 ಲಕ್ಷ. ಅಡ್ವಾನ್ಸ್, ಬ್ರೋಕರ್, ಲಾರಿ ಬಾಡಿಗೆ, ಸ್ಕೂಲಿನ ಮೊದಲ ಕಂತು ಎಲ್ಲ ಕಳೆದು 11 ಲಕ್ಷದ ಆಸುಪಾಸು ಉಳಿಯಬೇಕು. ಅದರಲ್ಲಿ ಆರು ತಿಂಗಳ ಖರ್ಚು, ಸುಮಾರು 4 ಲಕ್ಷ, ಯಾವಾಗ ಬೇಕಾದರೂ ಮುರಿಯುವ ಎಫ್‌ಡಿಯಲ್ಲಿರಲಿ. ಎಫ್‌ಡಿ ಒಂದೇ ಇದ್ದರೆ ಈಗಲೇ 50,000ದ ತುಂಡುಗಳಾಗಿ ಮಾಡಿಸಿ, ಅಡ್ವಾನ್ಸ್‌ಗೆ ಬೇಕು ಅಂತ ಪೂರ್ತಿ 14 ಲಕ್ಷದ್ದನ್ನು ಮುರಿದರೆ ದಂಡವೂ ಪೂರ್ತಿಗೇ ಬೀಳುತ್ತದೆ.

ಕೆಆರ್‌ಪುರ_ಸಂತೆ

ಮನೆ ನೋಡೋಕೆ ಭಾನುವಾರ ಬೆಳಗ್ಗೆ ಬರಬೇಡಿ. ಯಾವ್ದಾದ್ರೂ ವಾರದ ದಿನ ಸಂಜೆ ಏಳಕ್ಕೆ ಐಟಿಪಿಎಲ್‌ನಿಂದಲೇ ಹೊರಟು ಆ ಮನೆಗೆ ಬನ್ನಿ. ಬೀದಿಯಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಇದೆಯಾ, ಕರೆಂಟ್ ಹೋದ್ರೆ ಸಂಪ್ ಮೋಟರಿಗೆ ಯುಪಿಎಸ್ ಇದೆಯಾ, ಮೇಲಿನ ಟ್ಯಾಂಕಿಗೆ ನೀರು ಬಿಡೋರು ಯಾರು, ಎಲ್ಲ ಅವಾಗ್ಲೇ ಗೊತ್ತಾಗುತ್ತೆ. ಮೊದಲನೇ ಮಹಡಿ ಬಾಡಿಗೆದಾರರನ್ನ ಮಾತಾಡಿಸಿ, "ಹೋದ ಮಾರ್ಚ್‌ನಲ್ಲಿ ನೀರಿಗೆ ಎಷ್ಟು ಕೊಟ್ರಿ" ಅಂತ ಒಂದೇ ಪ್ರಶ್ನೆ ಕೇಳಿ.